ಟ್ರೇಲರ್ ಎಳೆಯಬೇಕು, ದಿನವೂ ಖುಷಿಯಿಂದ ಓಡಿಸಲೂಬೇಕು: ಅಂಥ ಗಾಡಿ ಆರಿಸುವುದು ಹೇಗೆ?

ಟ್ರೇಲರ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಅದನ್ನು ಎಳೆಯುವುದು ವರ್ಷಕ್ಕೆ ಕೆಲವೇ ದಿನ. ಉಳಿದ ದಿನಗಳಲ್ಲಿ ಅದೇ ಗಾಡಿ ಆಫೀಸಿಗೆ ಹೋಗುತ್ತದೆ, ಮಕ್ಕಳನ್ನು ಸ್ಕೂಲಿಗೆ ಬಿಡುತ್ತದೆ, ಟ್ರಾಫಿಕ್ಕಿನಲ್ಲಿ ತೆವಳುತ್ತದೆ, ಇಕ್ಕಟ್ಟಾದ ಪಾರ್ಕಿಂಗ್‌ನಲ್ಲಿ ನುಸುಳುತ್ತದೆ. ಆದರೂ ಗಾಡಿ ಆರಿಸುವಾಗ ಎಲ್ಲರ ಕಣ್ಣು ಬೀಳುವುದು ಬ್ರೋಷರ್‌ನ ಒಂದೇ ಅಂಕಿಯ ಮೇಲೆ: ಗರಿಷ್ಠ ಎಷ್ಟು ಕಿಲೋ ಎಳೆಯುತ್ತದೆ? ಅದು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು, ಬೇಕಾದ್ದಕ್ಕಿಂತ ಎಷ್ಟೋ ದೊಡ್ಡ ಗಾಡಿ ತಂದು, ದಿನವೂ ಬೇಸರದಿಂದ ಓಡಿಸುವವರು ತುಂಬ ಜನ.

ನಾನು ಹೇಳುವ ದಾರಿ ಬೇರೆ. ನಿಮ್ಮ ಟ್ರೇಲರ್‌ಗೆ ಸಾಕಾಗಿ ಸ್ವಲ್ಪ ಮಿಗುವಷ್ಟು ತಾಕತ್ತು ಇರುವ ಗಾಡಿಗಳನ್ನು ಮೊದಲು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಹಗುರವಾದದ್ದು, ನೆಲಕ್ಕೆ ಹತ್ತಿರ ಕೂತಿರುವುದು ಯಾವುದೋ ಅದನ್ನು ಆರಿಸಿ. ಓಡಿಸುವ ಖುಷಿ ಇರುವುದು ಅಲ್ಲಿ. ಎಳೆಯುವಾಗಿನ ನೆಮ್ಮದಿಯೂ ಎಷ್ಟೋ ಸಲ ಅಲ್ಲೇ ಇರುತ್ತದೆ.

ಎಳೆಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಅನ್ನುವುದಕ್ಕೆ ಎರಡು ಉದಾಹರಣೆ ಇವೆ. 2006ರಲ್ಲಿ ಫೋಕ್ಸ್‌ವ್ಯಾಗನ್ ಟುವಾರೆಗ್ ವಿ10 ಡೀಸೆಲ್ ಸುಮಾರು 155 ಟನ್ನಿನ ಬೋಯಿಂಗ್ 747 ವಿಮಾನವನ್ನು ಎಳೆಯಿತು. 2017ರಲ್ಲಿ ಪೋರ್ಷೆ ಕಯೆನ್ ಎಸ್ ಡೀಸೆಲ್ ಪ್ಯಾರಿಸ್‌ನಲ್ಲಿ 285 ಟನ್ನಿನ ಏರ್‌ಬಸ್ ಎ380ಯನ್ನು 42 ಮೀಟರ್ ಎಳೆದು ದಾಖಲೆ ಮಾಡಿತು. ಇವೆರಡಕ್ಕೂ ರಸ್ತೆಯಲ್ಲಿ ಎಳೆಯಲು ಇರುವ ಮಿತಿ ಕೇವಲ 3.5 ಟನ್. ಟುವಾರೆಗ್ ವಿಷಯದಲ್ಲಿ ಎಂಜಿನ್ ಸಾಕಾಗಿತ್ತು. ಟಯರ್‌ಗೆ ಹಿಡಿತ ಸಿಗಲಿ ಅಂತ ಗಾಡಿಯೊಳಗೆ ನಾಲ್ಕು ಟನ್ನಿಗೂ ಮಿಕ್ಕಿ ಭಾರ ತುಂಬಿದ್ದರು. ಸಮತಟ್ಟಾದ ನೆಲದಲ್ಲಿ ನಿಧಾನಕ್ಕೆ ಎಳೆಯುವುದು ಒಂದು. ಅಷ್ಟು ಭಾರವನ್ನು ವೇಗದಲ್ಲಿ ನೆಟ್ಟಗೆ ಹಿಡಿದು, ಇಳಿಜಾರಿನಲ್ಲಿ ನಿಲ್ಲಿಸಿ, ಬೆನ್ನ ಮೇಲೆ ಹೊತ್ತುಕೊಳ್ಳುವುದು ಇನ್ನೊಂದು. ಗಾಡಿ ಆರಿಸುವಾಗ ನೋಡಬೇಕಾದ್ದು ಈ ಎರಡನೆಯದನ್ನು.

ಹೆಜ್ಜೆ 1: ಟ್ರೇಲರ್‌ನ ನಿಜವಾದ ತೂಕ ತಿಳಿದುಕೊಳ್ಳಿ

ಅಂದಾಜು ಬೇಡ. ಟ್ರೇಲರ್ ಈಗಾಗಲೇ ಇದ್ದರೆ, ಪ್ರವಾಸಕ್ಕೆ ಹೊರಡುವ ಹಾಗೆ ಪೂರ್ತಿ ತುಂಬಿಸಿ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ. ಕಂಪನಿ ಕೊಡುವ ಖಾಲಿ ತೂಕದಲ್ಲಿ ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ, ಪಾತ್ರೆ ಯಾವುದೂ ಇರಲಿಕ್ಕಿಲ್ಲ. 100 ಲೀಟರ್ ನೀರಿನ ಟ್ಯಾಂಕ್ ತುಂಬಿಸಿದರೆ ಅಲ್ಲಿಗೇ 100 ಕೆಜಿ ಏರಿತು.

ಟ್ರೇಲರ್ ಇನ್ನೂ ಕೊಂಡಿಲ್ಲದಿದ್ದರೆ ಬಿಡಿಬಿಡಿಯಾಗಿ ಕೂಡಿಸಿ. ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸುವ ದಿನಕ್ಕೆ) ಚಿಕ್ಕ ಸ್ಪೋರ್ಟ್ಸ್ ಕಾರ್ ಒಯ್ಯುವವರ ಲೆಕ್ಕ ಹೀಗಿರುತ್ತದೆ: ಎರಡು ಸೀಟಿನ ಹಗುರ ಕಾರು 1,050 ಕೆಜಿ, ಅಲ್ಯೂಮಿನಿಯಂನ ತೆರೆದ ಟ್ರೇಲರ್ 650 ಕೆಜಿ, ಇನ್ನೊಂದು ಸೆಟ್ ಚಕ್ರ, ಜ್ಯಾಕ್, ಟೂಲ್ಸ್, ಪೆಟ್ರೋಲ್ ಕ್ಯಾನ್ ಎಲ್ಲ ಸೇರಿ 150 ಕೆಜಿ. ಒಟ್ಟು 1,850. ಅದೇ ಕಾರನ್ನು ಕಬ್ಬಿಣದ ಮುಚ್ಚಿದ ಟ್ರೇಲರ್‌ನಲ್ಲಿ ಹಾಕಿದರೆ ಎರಡೂವರೆ ಟನ್ ದಾಟಬಹುದು. ಹೀಗಾಗಿ ಗಾಡಿಗೆ ಜಾಸ್ತಿ ದುಡ್ಡು ಸುರಿಯುವ ಮೊದಲು ಟ್ರೇಲರ್ ಹಗುರ ಮಾಡಲಾಗುತ್ತದಾ ನೋಡಿ. ಅಲ್ಲಿ ಉಳಿಸಿದ 300 ಕಿಲೋ ನಿಮ್ಮನ್ನು ಭಾರಿ ಪಿಕಪ್‌ನಿಂದ ಒಳ್ಳೆಯ ಸ್ಟೇಷನ್ ವ್ಯಾಗನ್‌ಗೆ (ಡಿಕ್ಕಿಯವರೆಗೂ ಛಾವಣಿ ಚಾಚಿದ ಉದ್ದ ಕಾರಿಗೆ) ತಂದು ನಿಲ್ಲಿಸಬಹುದು.

ತೂಕದ ಜೊತೆ ಆಕಾರವನ್ನೂ ಬರೆದಿಟ್ಟುಕೊಳ್ಳಿ. ಎತ್ತರದ ಕ್ಯಾರವಾನ್ (ಒಳಗೇ ಉಳಿದುಕೊಳ್ಳುವ ಮನೆಯಂಥ ಟ್ರೇಲರ್) ಗಾಳಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ದೋಣಿ ಅಥವಾ ತೆರೆದ ಟ್ರೇಲರ್ ಹಾಗಲ್ಲ. ಒಂದೇ ತೂಕವಿದ್ದರೂ ಹೈವೇಯಲ್ಲಿ ಕ್ಯಾರವಾನ್ ಬಹಳ ಜಾಸ್ತಿ ಶಕ್ತಿ ಕೇಳುತ್ತದೆ. ಕುದುರೆ ಟ್ರೇಲರ್ ಇನ್ನೂ ಬೇರೆ. ಒಳಗಿರುವ 500 ಕಿಲೋ ಜೀವ ನಿಂತಲ್ಲಿ ನಿಲ್ಲುವುದಿಲ್ಲ, ಅದರ ಭಾರವೂ ಮೇಲಕ್ಕಿರುತ್ತದೆ. ಕುದುರೆ ಸಾಗಿಸುವವರು ಮುಂದೆ ಹೇಳುವ ಎಲ್ಲ ಲೆಕ್ಕದಲ್ಲೂ ಒಂದು ಮೆಟ್ಟಿಲು ಮೇಲಿನ ಗಾಡಿಯನ್ನೇ ಆರಿಸಿ.

ಹೆಜ್ಜೆ 2: ಬಾಗಿಲ ಬಳಿಯ ಪ್ಲೇಟ್ ಓದಿ

ನಿಮ್ಮ ಸಮಯವನ್ನು ಎಲ್ಲಕ್ಕಿಂತ ಜಾಸ್ತಿ ಇಲ್ಲಿ ಕೊಡಿ. ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಒಂದು ಸ್ಟಿಕ್ಕರ್ ಅಥವಾ ಪ್ಲೇಟ್ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಅದು ಬಾನೆಟ್ ಒಳಗಿರುತ್ತದೆ. ಯುರೋಪಿನ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿ ಒಂದರ ಕೆಳಗೊಂದು ಇರುತ್ತವೆ. ಮೊದಲನೆಯದು ಗಾಡಿ ತುಂಬಿದಾಗ ಇರಬಹುದಾದ ಗರಿಷ್ಠ ತೂಕ. ಎರಡನೆಯದು ಗಾಡಿ, ಟ್ರೇಲರ್ ಎರಡೂ ಸೇರಿದ ಗರಿಷ್ಠ ತೂಕ. ಮೂರನೆಯದು ಮುಂದಿನ ಆಕ್ಸಲ್‌ನ ಮಿತಿ, ನಾಲ್ಕನೆಯದು ಹಿಂದಿನ ಆಕ್ಸಲ್‌ನದು. ಅಮೆರಿಕದ ಗಾಡಿಗಳಲ್ಲಿ ಇನ್ನೊಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ ಅದು ನೇರವಾಗಿ ಹೇಳುತ್ತದೆ. ಅದೇ ಪೇಲೋಡ್.

ಟ್ರೇಲರ್‌ನ ಮೂಗು ನಿಮ್ಮ ಗಾಡಿಯ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಒತ್ತುವ ಭಾರಕ್ಕೆ ಟಂಗ್ ವೆಯ್ಟ್ ಅನ್ನುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಇದು ಟ್ರೇಲರ್ ತೂಕದ ಶೇ. 10ರಿಂದ 15 ಇರಬೇಕು. ಯುರೋಪಿನಲ್ಲಿ ಕ್ಯಾರವಾನ್‌ಗಳನ್ನು ಶೇ. 5ರಿಂದ 7ಕ್ಕೆ ಹೊಂದಿಸುತ್ತಾರೆ, ಅಲ್ಲಿ ವೇಗವೂ ಕಡಿಮೆ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ., ಅನುಮತಿ ಪಡೆದರೆ 100. ಒಂದೇ ಮಾದರಿಯ ಕಾರಿಗೆ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಎಳೆಯುವ ಮಿತಿ ಬರೆದಿರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಇನ್ನೊಂದು ದೇಶದ ಬ್ರೋಷರ್ ನೋಡಿ ಖರೀದಿ ಮಾಡಬೇಡಿ. ನಿಮ್ಮ ಕಡೆಯ ಪ್ಲೇಟ್ ಮತ್ತು ಮ್ಯಾನ್ಯುಯಲ್ ಏನು ಹೇಳುತ್ತದೋ ಅಷ್ಟೇ.

ಈ ಟಂಗ್ ವೆಯ್ಟ್ ಪೇಲೋಡ್‌ನಲ್ಲೇ ಸೇರುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ. ಒಂದು ಲೆಕ್ಕ ಮಾಡೋಣ. ಎಸ್‌ಯುವಿ ಒಂದಿದೆ. ಬ್ರೋಷರ್ ಪ್ರಕಾರ 3,000 ಕೆಜಿ ಎಳೆಯುತ್ತದೆ. ಖಾಲಿ ತೂಕ 2,150, ಗರಿಷ್ಠ ತೂಕ 2,700. ಅಂದರೆ ಪೇಲೋಡ್ 550. ನಿಮ್ಮ ಟ್ರೇಲರ್ 2,200 ಕೆಜಿ ಮಾತ್ರ, ಆರಾಮವಾಗಿ ಎಳೆಯಬಹುದು ಅನ್ನಿಸುತ್ತದೆ, ಅಲ್ವಾ? ಈಗ ಕೂಡಿಸಿ. ನಾಲ್ಕು ಜನ 290. ಲಗೇಜ್ 80. ಹಿಚ್ ಸೆಟ್ 30. ಟಂಗ್ ವೆಯ್ಟ್ ಶೇ. 11 ಅಂದರೂ 240. ಒಟ್ಟು 640. ಎಳೆಯುವ ಮಿತಿಗೆ 800 ಕಿಲೋ ಬಾಕಿ ಇರುವಾಗಲೇ ಹೊರುವ ಮಿತಿಯನ್ನು 90 ಕಿಲೋ ಮೀರಿದ್ದಾಯಿತು. ಕೊಳ್ಳುವ ಮೊದಲು ಈ ಲೆಕ್ಕವನ್ನು ನಿಮ್ಮ ಮನೆಯವರ ತೂಕ ಹಾಕಿ ಮಾಡಿ. ಕೆಲವು ಕಡೆ ಖಾಲಿ ತೂಕದಲ್ಲೇ ಚಾಲಕನ 75 ಕೆಜಿ ಸೇರಿಸಿರುತ್ತಾರೆ. ಅದನ್ನೂ ಗಮನಿಸಿ, ಎರಡು ಸಲ ಎಣಿಸಬೇಡಿ.

ಬ್ರೋಷರ್ ಅಂಕಿ ಇಷ್ಟು ದೊಡ್ಡದಾಗಿ ಕಾಣುವುದು ಏಕೆ? ಅಮೆರಿಕದಲ್ಲಿ 2008ರಲ್ಲಿ ಬಂದ ಎಸ್‌ಎಇ (ವಾಹನ ಎಂಜಿನಿಯರ್‌ಗಳ ಸಂಘ) ಜೆ2807 ಅನ್ನುವ, ಎಳೆಯುವ ಮಿತಿ ಅಳೆಯುವ ಪರೀಕ್ಷಾ ಕ್ರಮ ಒಳ್ಳೆಯದೇ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 18 ಕಿ.ಮೀ. ಉದ್ದದ ಏರನ್ನು ಅದು ಮಾದರಿಯಾಗಿ ಇಟ್ಟುಕೊಂಡಿದೆ. ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ವೇಗ 64 ಕಿ.ಮೀ.ಗಿಂತ ಕೆಳಗಿಳಿಯದೆ ಹತ್ತಬೇಕು. ಶೇ. 12ರ ಏರಿನಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡಬೇಕು. ಆದರೆ ಗಾಡಿಯಲ್ಲಿ ಚಾಲಕ ಮತ್ತು ಇನ್ನೊಬ್ಬರು ಕೂತಂತೆ ಮಾತ್ರ ಲೆಕ್ಕ. ಹಿಂದಿನ ಸೀಟಿನ ಜನ, ಡಿಕ್ಕಿಯ ಸಾಮಾನು ಅದರಲ್ಲಿ ಇಲ್ಲ. ನೀವು ಹತ್ತಿಸಿಕೊಳ್ಳುವ ಪ್ರತಿ ಕಿಲೋ ಎಳೆಯುವ ಮಿತಿಯಿಂದ ಕಳೆಯುತ್ತದೆ.

ಹೆಜ್ಜೆ 3: ವ್ಹೀಲ್‌ಬೇಸ್ ಮತ್ತು ಹಿಂಬದಿಯ ಚಾಚು ಅಳೆಯಿರಿ

ಶೋರೂಮಿಗೆ ಹೋಗುವಾಗ ಟೇಪ್ ಒಯ್ಯಿರಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು? ಹಿಂದಿನ ಚಕ್ರದ ನಡುವಿನಿಂದ ಹಿಚ್‌ನ ಬಾಲ್ (ಟ್ರೇಲರ್ ಕೂರುವ ಗುಂಡು) ವರೆಗೆ ಎಷ್ಟು? ಮೊದಲನೆಯದು ವ್ಹೀಲ್‌ಬೇಸ್, ಅದು ಉದ್ದ ಇರಬೇಕು. ಎರಡನೆಯದು ಚಾಚು, ಅದು ಗಿಡ್ಡ ಇರಬೇಕು.

ಮಕ್ಕಳ ಸೀಸಾ ಆಟದ ಹಲಗೆ ನೆನಪು ಮಾಡಿಕೊಳ್ಳಿ. ಹಿಂದಿನ ಆಕ್ಸಲ್ ನಡುವಿನ ಆಧಾರ. ಬಾಲ್ ಮೇಲೆ 200 ಕೆಜಿ ಒತ್ತಿದರೆ ಮುಂಭಾಗ ಮೇಲೇಳುತ್ತದೆ. ವ್ಹೀಲ್‌ಬೇಸ್ 2.9 ಮೀಟರ್, ಚಾಚು 1.1 ಮೀಟರ್ ಇದ್ದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 200 ಅಲ್ಲ, ಸುಮಾರು 276 ಕೆಜಿ. ಮುಂದಿನ ಚಕ್ರಗಳಿಂದ 76 ಕೆಜಿ ಕಡಿಮೆಯಾಯಿತು. ವ್ಹೀಲ್‌ಬೇಸ್ 2.5, ಚಾಚು 1.2 ಇರುವ ಗಿಡ್ಡ ಗಾಡಿಯಲ್ಲಿ ಮುಂದೆ 96 ಕೆಜಿ ಹೋಗುತ್ತದೆ. ಸ್ಟೀರಿಂಗ್ ಮಾಡುವುದೂ ಮುಂದಿನ ಚಕ್ರ, ಬ್ರೇಕಿನ ದೊಡ್ಡ ಪಾಲು ಹೊರುವುದೂ ಅದೇ. ಸ್ಟೀರಿಂಗ್ ತೇಲಿದ ಹಾಗೆ ಅನ್ನಿಸುವುದು ಇದರಿಂದಲೇ. ಮುಂದಿನ ಚಕ್ರವೇ ಎಳೆಯುವ ಗಾಡಿಯಾದರೆ ಒದ್ದೆ ಏರಿನಲ್ಲಿ ಚಕ್ರ ಸುಮ್ನೆ ತಿರುಗತೊಡಗುತ್ತದೆ.

ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಅನ್ನುವ ಸ್ಪ್ರಿಂಗ್ ಸರಳುಗಳ ಸಾಧನ ಈ ಭಾರವನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಅಮೆರಿಕದ ಪಿಕಪ್, ಎಸ್‌ಯುವಿಗಳಲ್ಲಿ ಇದು ಮಾಮೂಲಿ. ಆದರೆ ಕೆಲವು ಗಾಡಿಗಳ ಮ್ಯಾನ್ಯುಯಲ್ ಇದನ್ನು ಹಾಕಲೇಬೇಡಿ ಅನ್ನುತ್ತದೆ. ಆ ಪುಟ ಓದದೆ ಅಡ್ವಾನ್ಸ್ ಕೊಡಬೇಡಿ.

ಉದ್ದ ವ್ಹೀಲ್‌ಬೇಸ್‌ಗೆ ಬೆಲೆಯೂ ಇದೆ. ಗಾಡಿ ತಿರುವಿನಲ್ಲಿ ಚುರುಕಾಗಿರುವುದಿಲ್ಲ, ಪಾರ್ಕಿಂಗ್ ಕಷ್ಟ. ಎರಡು ಟನ್ ಒಳಗಿನ ಟ್ರೇಲರ್‌ಗೆ 2.8ರಿಂದ 3 ಮೀಟರ್ ಒಳ್ಳೆಯ ನಡುದಾರಿ. ಹಿಂದಿನ ಚಕ್ರ ಕೂಡ ತಿರುಗುವ ಸ್ಟೀರಿಂಗ್ ಇರುವ ಮಾದರಿ ಕೈಗೆಟುಕಿದರೆ ಪಾರ್ಕಿಂಗ್ ತಾಪತ್ರಯವೂ ತಗ್ಗುತ್ತದೆ.

ಹೆಜ್ಜೆ 4: ಎಷ್ಟು ಮಿಗಬೇಕು ಅಂತ ನಿರ್ಧರಿಸಿ

ಬ್ರಿಟನ್ನಿನ ಕ್ಯಾರವಾನ್ ಸಂಘಗಳು ಹೊಸಬರಿಗೆ ಒಂದು ಸಲಹೆ ಕೊಡುತ್ತವೆ: ಟ್ರೇಲರ್ ತೂಕ ಎಳೆಯುವ ಗಾಡಿಯ ಖಾಲಿ ತೂಕದ ಶೇ. 85 ಮೀರದಿರಲಿ. ಎರಡು ಟನ್ ಗಾಡಿಗೆ 1,700 ಕೆಜಿ. ಇದು ಕಾನೂನಲ್ಲ, ಆದರೆ ಹೊಸಬರಿಗೆ ಬಹಳ ಒಳ್ಳೆಯ ಮಾತು. ಬಾಲ ನಾಯಿಯನ್ನು ಅಲ್ಲಾಡಿಸಬಾರದು, ಅಷ್ಟೇ. ಅನುಭವ ಇದ್ದು, ಟ್ರೇಲರ್‌ಗೆ ಒಳ್ಳೆಯ ಬ್ರೇಕ್ ಇದ್ದರೆ ಸಮಸಮ ತೂಕದವರೆಗೂ ಹೋಗಬಹುದು. ಗಾಡಿಯ ಎಳೆಯುವ ಮಿತಿಯಲ್ಲಿ ಮುಕ್ಕಾಲು ಭಾಗದ ಸುತ್ತಮುತ್ತ ನಿಮ್ಮ ಟ್ರೇಲರ್ ಬರುವ ಹಾಗೆ ನೋಡಿಕೊಳ್ಳಿ.

ಇಲ್ಲಿ ಒಂದು ಎಚ್ಚರ. ಮುಂದೆ ದೊಡ್ಡ ಟ್ರೇಲರ್ ಕೊಳ್ಳಬಹುದು ಅಂತ ಈಗಲೇ ದೊಡ್ಡ ಗಾಡಿ ತರಬೇಡಿ. ಬರದೇ ಹೋಗಬಹುದಾದ ಟ್ರೇಲರ್‌ಗಾಗಿ ನಿಮ್ಮ ಪ್ರತಿದಿನದ ಓಡಾಟವನ್ನು ಬಲಿ ಕೊಟ್ಟ ಹಾಗಾಗುತ್ತದೆ.

ಹೆಜ್ಜೆ 5: ಎಂಜಿನ್ ಮತ್ತು ಗೇರ್‌ಬಾಕ್ಸ್

ಎಷ್ಟು ಶಕ್ತಿ ಬೇಕು ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬಹುದು. ಗಾಡಿ ಎರಡು ಟನ್, ಟ್ರೇಲರ್ ಎರಡು ಟನ್. ಶೇ. 6ರ ಏರು. ವೇಗ 80 ಕಿ.ಮೀ. ಬರೀ ಭಾರವನ್ನು ಮೇಲೆತ್ತಲು ಸುಮಾರು 52 ಕಿಲೋವ್ಯಾಟ್, ಅಂದರೆ 70 ಅಶ್ವಶಕ್ತಿ ಬೇಕು. ಟಯರ್‌ನ ಘರ್ಷಣೆ, ಗಾಳಿಯ ತಡೆ ಸೇರಿಸಿದರೆ ಚಕ್ರದಲ್ಲಿ 100 ದಾಟುತ್ತದೆ. ಗೇರ್‌ಬಾಕ್ಸ್‌ನಲ್ಲಿ ಕಳೆದುಹೋಗುವುದನ್ನೂ ಹಿಡಿದರೆ ಎಂಜಿನ್ 120ರಿಂದ 130 ಕೊಡಬೇಕು, ಅದೂ ಹಲವು ನಿಮಿಷ ಎಡೆಬಿಡದೆ. ಹಾಗಾಗಿ 180ರಿಂದ 200 ಅಶ್ವಶಕ್ತಿ ಇದ್ದರೆ ಈ ಕೆಲಸ ಸಲೀಸು. ಇದಕ್ಕಿಂತ ಜಾಸ್ತಿ ಇರುವುದೆಲ್ಲ ನಿಮ್ಮ ಖುಷಿಗೆ. ಖುಷಿಗೂ ದುಡ್ಡು ಕೊಡಬಹುದು, ತಪ್ಪೇನಿಲ್ಲ. ಆದರೆ ಟ್ರೇಲರ್‌ಗೆ ಬೇಕು ಅಂತ ಕೊಡುತ್ತಿಲ್ಲ ಅನ್ನುವುದು ಗೊತ್ತಿರಲಿ.

ಟರ್ಬೊ ಇರುವ ಎಂಜಿನ್‌ಗೆ ಇಲ್ಲಿ ಎರಡು ಅನುಕೂಲ. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ (ತಿರುಗಿಸುವ ಬಲ) ಸಿಗುತ್ತದೆ, ಹಾಗಾಗಿ ಏರಿನಲ್ಲಿ ಎಂಜಿನ್ ಕಿರುಚುವುದಿಲ್ಲ. ಬೆಟ್ಟದ ಮೇಲೆ ಗಾಳಿ ತೆಳುವಾದಾಗಲೂ ಶಕ್ತಿ ಅಷ್ಟಾಗಿ ಇಳಿಯುವುದಿಲ್ಲ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಹತ್ತಿರಹತ್ತಿರ ಶೇ. 10 ಶಕ್ತಿ ಕಳೆದುಕೊಳ್ಳುತ್ತದೆ. ಡೀಸೆಲ್ಲಾ ಪೆಟ್ರೋಲಾ? ತಿಂಗಳಿಗೆ ಹಲವು ಸಲ ದೂರ ಎಳೆಯುವವರಿಗೆ ಡೀಸೆಲ್. ದಿನವೂ ಊರೊಳಗೆ ಚಿಕ್ಕಚಿಕ್ಕ ಓಡಾಟವೇ ಜಾಸ್ತಿ ಇದ್ದರೆ ಡೀಸೆಲ್‌ನ ಮಸಿ ಸೋಸುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಹಾಗಾಗಿ ಟರ್ಬೊ ಪೆಟ್ರೋಲೇ ವಾಸಿ. ಓಡಿಸಲೂ ಅದು ಹಗುರ, ಮೂಗಿನ ಭಾರ ಕಡಿಮೆ.

ಗೇರ್‌ಬಾಕ್ಸ್ ವಿಷಯದಲ್ಲಿ ನನಗೆ ಸಂಶಯವಿಲ್ಲ. ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ತೆಗೆದುಕೊಳ್ಳಿ. ಟ್ರೇಲರ್ ಕಟ್ಟಿಕೊಂಡು ಏರಿನಲ್ಲಿ ಇಂಚಿಂಚಾಗಿ ಹಿಂದೆ ಸರಿಯುವಾಗ ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್‌ನ ಕ್ಲಚ್ ಬಿಸಿಯಾಗುತ್ತದೆ, ಮ್ಯಾನ್ಯುಯಲ್‌ನದು ಸುಡುತ್ತದೆ. ಕನ್ವರ್ಟರ್‌ನಲ್ಲಿ ಆ ಜಾರುವಿಕೆಯನ್ನು ಆಯಿಲ್ ಹೊತ್ತುಕೊಳ್ಳುತ್ತದೆ, ಕೂಲರ್ ತಣ್ಣಗೆ ಮಾಡುತ್ತದೆ. ಹಿಂದೆ ಇಂಥ ಆಟೊಮ್ಯಾಟಿಕ್‌ಗಳು ಮಂದವಾಗಿದ್ದವು ನಿಜ. ಆದರೆ 2009ರಲ್ಲಿ ಝಡ್‌ಎಫ್ ಕಂಪನಿಯ ಎಂಟು ಗೇರಿನ 8ಎಚ್‌ಪಿ ಬಂದ ಮೇಲೆ ಆ ಮಾತು ಹಳತಾಯಿತು. ಅದು ಗೇರ್ ಬದಲಿಸುವುದು ಚುರುಕು, ಮೊದಲ ಗೇರ್ ಭಾರ ಹೊರಡಿಸುವಷ್ಟು ಬಲದ್ದು, ಎಂಟನೆಯದು ಹೈವೇಯಲ್ಲಿ ನಿಶ್ಶಬ್ದ. ಬಿಎಂಡಬ್ಲ್ಯು, ಆಡಿ, ಜೀಪ್, ರಾಮ್ ಹೀಗೆ ಹಲವು ಕಂಪನಿಗಳ ಗಾಡಿಗಳಲ್ಲಿ ಇದು ಅಥವಾ ಇದರದೇ ವಿನ್ಯಾಸದ ಗೇರ್‌ಬಾಕ್ಸ್ ಇದೆ. ಎಳೆಯುವುದನ್ನೂ ಖುಷಿಯನ್ನೂ ಒಂದೇ ಗಾಡಿಯಲ್ಲಿ ತಂದ ಭಾಗ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಸಿವಿಟಿ (ಗೇರಿನ ಮೆಟ್ಟಿಲುಗಳಿಲ್ಲದ ಆಟೊಮ್ಯಾಟಿಕ್) ಇರುವ ಗಾಡಿ ಹಗುರ ಟ್ರೇಲರ್‌ಗೆ ಮಾತ್ರ ಇರಲಿ.

ಹೆಜ್ಜೆ 6: ನಿಲ್ಲಿಸುವ ವ್ಯವಸ್ಥೆ

ವೇಗ 80ರಿಂದ 100ಕ್ಕೆ ಏರಿದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಆ ಎರಡು ಟನ್ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಅಲ್ಲಿ ಹೆಚ್ಚಾಗಿ ಓವರ್‌ರನ್ ಬ್ರೇಕ್ ಬಳಸುತ್ತಾರೆ, ಟ್ರೇಲರ್ ಮುಂದಕ್ಕೆ ನೂಕಿದಾಗ ತಾನಾಗಿ ಹಿಡಿಯುತ್ತದೆ. ಅಮೆರಿಕದಲ್ಲಿ ಎಲೆಕ್ಟ್ರಿಕ್ ಬ್ರೇಕ್, ಅದಕ್ಕೆ ಗಾಡಿಯೊಳಗೆ ಕಂಟ್ರೋಲರ್ ಬೇಕು. ಕಂಪನಿಯೇ ಕೂರಿಸಿದ ಕಂಟ್ರೋಲರ್ ಇರುವ ಗಾಡಿ ಸಿಕ್ಕರೆ ಬಿಡಬೇಡಿ. ಹೊರಗಿನಿಂದ ಹಾಕಿಸುವುದಾದರೆ ನೀವು ಎಷ್ಟು ಜೋರಾಗಿ ಬ್ರೇಕ್ ಹಿಡಿಯುತ್ತೀರೋ ಅದಕ್ಕೆ ತಕ್ಕಂತೆ ಕೆಲಸ ಮಾಡುವ ಪ್ರಪೋರ್ಷನಲ್ ಮಾದರಿ ಹಾಕಿಸಿ.

ಇಳಿಜಾರಿಗೆ ಟೋ ಮೋಡ್ ಇದೆಯಾ ನೋಡಿ. ಅದು ಗೇರ್ ಇಳಿಸಿ ಎಂಜಿನ್‌ನಿಂದಲೇ ವೇಗ ಹಿಡಿಯುತ್ತದೆ. ದಪ್ಪ ಡಿಸ್ಕ್, ದೊಡ್ಡ ಕ್ಯಾಲಿಪರ್ ಇರುವ ಸ್ಪೋರ್ಟ್ಸ್ ಮಾದರಿಗಳಿಗೆ ಇಲ್ಲಿ ನಿಜವಾದ ಲಾಭ. ಖುಷಿಗಾಗಿ ಕೊಂಡ ಬ್ರೇಕ್ ಟ್ರೇಲರ್ ಇಳಿಸುವಾಗಲೂ ಕೈಬಿಡುವುದಿಲ್ಲ.

ಹೆಜ್ಜೆ 7: ಯಾವ ಜಾತಿಯ ಗಾಡಿ?

ಟ್ರೇಲರ್ 1,800 ಕೆಜಿ ಒಳಗಿದ್ದರೆ ಮೊದಲು ಸ್ಟೇಷನ್ ವ್ಯಾಗನ್ ನೋಡಿ. ವೋಲ್ವೊ ವಿ90, ಆಡಿ ಆಲ್‌ರೋಡ್, ಬಿಎಂಡಬ್ಲ್ಯು 5 ಸೀರೀಸ್ ಟೂರಿಂಗ್ ಈ ಬಗೆಯವು. ತಗ್ಗು, ಉದ್ದ, ಭಾರ ನೆಲಕ್ಕೆ ಹತ್ತಿರ. ಯುರೋಪಿನ ಪ್ಲೇಟ್ ಪ್ರಕಾರ ಇಂಥ ಹಲವು ಗಾಡಿಗಳು ಎರಡು ಟನ್ ಆಸುಪಾಸು ಎಳೆಯುತ್ತವೆ. 5 ಸೀರೀಸ್ ಟೂರಿಂಗ್‌ನ ಹಲವು ತಲೆಮಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಏರ್ ಸಸ್ಪೆನ್ಷನ್ ಇರುತ್ತದೆ, ಟ್ರೇಲರ್ ಕಟ್ಟಿದರೂ ಹಿಂಭಾಗ ಕುಸಿಯುವುದಿಲ್ಲ. ಟ್ರೇಲರ್ ಬಿಚ್ಚಿದ ಮರುಕ್ಷಣ ನೀವು ಓಡಿಸುವುದು ಒಂದು ಒಳ್ಳೆಯ ಕಾರನ್ನು. ಇದಕ್ಕೆ ಸಮ ಬೇರೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಿಚ್ ಮೇಲಿನ ಭಾರದ ಮಿತಿ ಮಾತ್ರ ಕಡಿಮೆ, ಹೆಚ್ಚಾಗಿ 75ರಿಂದ 100 ಕೆಜಿ. ಟ್ರೇಲರ್‌ನಲ್ಲಿ ಭಾರ ಹೊಂದಿಸುವುದನ್ನು ಕಲಿಯಲೇಬೇಕು.

ಎರಡರಿಂದ ಮೂರು ಟನ್‌ಗೆ ಕಾರಿನ ಹಾಗೆ ಒಂದೇ ಅಚ್ಚಿನ ಮೈಕಟ್ಟಿನ ದೊಡ್ಡ ಎಸ್‌ಯುವಿ. ಕಯೆನ್, ಟುವಾರೆಗ್ ಎರಡೂ 3,500 ಕೆಜಿ ಮಿತಿಯವು, ತಿರುವಿನಲ್ಲಿ ತಮ್ಮ ಗಾತ್ರ ಮರೆಸುತ್ತವೆ. ಅಮೆರಿಕದ ಕಡೆ ಡಾಡ್ಜ್ ಡುರಾಂಗೊ ಎಸ್‌ಆರ್‌ಟಿ 475 ಅಶ್ವಶಕ್ತಿಯ ವಿ8 ಇಟ್ಟುಕೊಂಡು 3,900 ಕೆಜಿಗೂ ಮಿಕ್ಕಿ ಎಳೆಯುತ್ತದೆ. ಪೆಟ್ರೋಲ್ ಕುಡಿಯುವುದೂ ಹಾಗೇ.

ಪಿಕಪ್ ಬೇಕೇ ಬೇಕು ಅನ್ನುವವರು ಹಿಂದಿನ ಸಸ್ಪೆನ್ಷನ್ ನೋಡಿ. ಪಟ್ಟಿ ಸ್ಪ್ರಿಂಗ್ ಇರುವ ಪಿಕಪ್ ಖಾಲಿ ಓಡುವಾಗ ಕುಕ್ಕುತ್ತದೆ. ರಾಮ್ 1500ಕ್ಕೆ 2009ರ ಮಾದರಿಯಿಂದ ಹಿಂದೆ ಕಾಯಿಲ್ ಸ್ಪ್ರಿಂಗ್ ಬಂತು. ಹೋಂಡಾ ರಿಡ್ಜ್‌ಲೈನ್‌ನಲ್ಲಿ ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್. ಅದರ ಆಲ್‌ವ್ಹೀಲ್ ಡ್ರೈವ್ ಮಾದರಿ ಸುಮಾರು 2,270 ಕೆಜಿ ಎಳೆಯುತ್ತದೆ, ದಿನದ ಓಡಾಟಕ್ಕೆ ಕಾರಿಗೆ ತೀರಾ ಹತ್ತಿರ.

ಎಲೆಕ್ಟ್ರಿಕ್ ಗಾಡಿಗಳು ಎಳೆಯುವುದರಲ್ಲಿ ಅದ್ಭುತ. ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಇಳಿಜಾರಿನಲ್ಲಿ ಮೋಟಾರೇ ಬ್ರೇಕ್, ಬ್ಯಾಟರಿಯ ಭಾರ ತಳದಲ್ಲಿ. ಟೆಸ್ಲಾ ಮಾಡೆಲ್ ವೈ 1,600 ಕೆಜಿ, ರಿವಿಯನ್ ಆರ್1ಟಿ ಐದು ಟನ್ನಿನ ಹತ್ತಿರ. ಆದರೆ ಎತ್ತರದ ಟ್ರೇಲರ್ ಕಟ್ಟಿದರೆ ಒಂದು ಚಾರ್ಜ್‌ನಲ್ಲಿ ಹೋಗುವ ದೂರ ಅರ್ಧದಷ್ಟಕ್ಕೆ ಇಳಿಯುತ್ತದೆ. ಎಷ್ಟೋ ಚಾರ್ಜಿಂಗ್ ಜಾಗದಲ್ಲಿ ಟ್ರೇಲರ್ ಬಿಚ್ಚದೆ ನಿಲ್ಲಲಾಗುವುದಿಲ್ಲ. ನಿಮ್ಮ ಎಳೆಯುವ ದೂರ 100 ಕಿ.ಮೀ. ಒಳಗಿದ್ದರೆ ಧಾರಾಳವಾಗಿ ಕೊಳ್ಳಿ.

ಹೆಜ್ಜೆ 8: ಟೋ ಪ್ಯಾಕೇಜ್ ಕಂಪನಿಯದೇ ಇರಲಿ

ಹಿಚ್ ಯಾವಾಗ ಬೇಕಾದರೂ ಹಾಕಿಸಬಹುದು ಅನ್ನುತ್ತಾರೆ. ಕಬ್ಬಿಣ ಹಾಕಿಸಬಹುದು, ಉಳಿದದ್ದು ಕಷ್ಟ. ಫೋರ್ಡ್ ಮ್ಯಾವೆರಿಕ್ ನೋಡಿ. ಸಾಮಾನ್ಯವಾಗಿ 907 ಕೆಜಿ ಎಳೆಯುವ ಗಾಡಿ, ಟರ್ಬೊ ಎಂಜಿನ್ ಜೊತೆ 4ಕೆ ಟೋ ಪ್ಯಾಕೇಜ್ ಇದ್ದರೆ 1,814 ಕೆಜಿ ಎಳೆಯುತ್ತದೆ. ಆ ವ್ಯತ್ಯಾಸ ಬರುವುದು ದೊಡ್ಡ ರೇಡಿಯೇಟರ್ ಫ್ಯಾನ್, ಗೇರ್ ಆಯಿಲ್ ಕೂಲರ್, ವೈರಿಂಗ್ ಇಂಥವುಗಳಿಂದ. ಕಂಪನಿ ವೈರಿಂಗ್ ಇದ್ದರೆ ಟ್ರೇಲರ್ ತೂಗಾಡುವುದನ್ನು ತಡೆಯುವ ಸ್ಟೆಬಿಲಿಟಿ ಪ್ರೋಗ್ರಾಂಗೂ ಟ್ರೇಲರ್ ಕಟ್ಟಿದ್ದು ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಗಾಡಿಯ ಅಡಿಗೆ ಟಾರ್ಚ್ ಹಾಕಿ. ಹಿಚ್ ಕೂರಿಸಿದ ಜಾಗದಲ್ಲಿ ತುಕ್ಕು, ಬಿರುಕು, ಹೊಸದಾಗಿ ಬಳಿದ ಬಣ್ಣ ಇದೆಯಾ? ಆಟೊಮ್ಯಾಟಿಕ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆ ಗಾಡಿ ಬಿಟ್ಟುಬಿಡಿ. ಟ್ರೇಲರ್ ವೈರಿಂಗ್ ಪ್ಲಗ್‌ನ ಪಿನ್ ಹಸಿರುಗಟ್ಟಿದ್ದರೆ ಅದು ದೊಡ್ಡ ವಿಷಯವಲ್ಲ, ಬೆಲೆ ಇಳಿಸಲು ಒಂದು ಕಾರಣ ಅಷ್ಟೇ.

ಟಯರ್ ಕೂಡ ಈಗಲೇ ನೋಡಿ. ಬದಿಯಲ್ಲಿ ಬರೆದಿರುವ ಲೋಡ್ ಇಂಡೆಕ್ಸ್ 95 ಇದ್ದರೆ ಒಂದು ಟಯರ್ 690 ಕೆಜಿ ಹೊರುತ್ತದೆ, 100 ಇದ್ದರೆ 800, 104 ಇದ್ದರೆ 900. ಅಂದಕ್ಕಾಗಿ ದೊಡ್ಡ ರಿಮ್ ಹಾಕಿಸಿದ ಗಾಡಿಗಳಲ್ಲಿ ಈ ಅಂಕಿ ಕಡಿಮೆಯಾಗಿರುವುದುಂಟು. ಎರಡರಿಂದ ಗುಣಿಸಿ ಹಿಂದಿನ ಆಕ್ಸಲ್ ಮಿತಿಯ ಜೊತೆ ಹೋಲಿಸಿ.

ಹೆಜ್ಜೆ 9: ಟೆಸ್ಟ್ ಡ್ರೈವ್

ನುಣುಪು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಏನೂ ತಿಳಿಯುವುದಿಲ್ಲ. ನೀವು ದಿನವೂ ಹೋಗುವ ದಾರಿಯಲ್ಲೇ ಓಡಿಸಿ. ಒಂದು ಹಂಪ್ ಹತ್ತಿ ಇಳಿಯಿರಿ. ಗಾಡಿ ಒಮ್ಮೆ ಕೂತು ಎದ್ದು ಸುಮ್ಮನಾದರೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಚೆನ್ನಾಗಿದೆ. ಎರಡನೇ ಸಲ, ಮೂರನೇ ಸಲ ತೇಲಿದರೆ ಟ್ರೇಲರ್ ಕಟ್ಟಿದಾಗ ಅದು ಇನ್ನೂ ಜಾಸ್ತಿ ಆಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ನೋಡಿ, ಮೂಗು ಒಳಕ್ಕೆ ಮೆಲ್ಲಗೆ ಬರಬೇಕು. ಬ್ರೇಕ್ ಪೆಡಲ್ ಮೊದಲ ಒಂದು ಇಂಚಿನಲ್ಲೇ ಮಾತಾಡಬೇಕು. ಸ್ಟೀರಿಂಗ್ ನೇರ ಇರುವಾಗ ಗಾಡಿ ತಾನಾಗಿ ನೇರ ಹೋಗಬೇಕು, ನೀವು ಪದೇ ಪದೇ ತಿದ್ದುವ ಹಾಗಿರಬಾರದು.

ಆಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ಮೇಲಿನ ಕಮಾನಿನಿಂದ ನೆಲಕ್ಕೆ ಎಷ್ಟಿದೆ ಅಂತ ಟೇಪ್ ಹಿಡಿಯಿರಿ. ಮೂವರನ್ನು ಡಿಕ್ಕಿಯ ಅಂಚಿನಲ್ಲಿ ಕೂರಿಸಿ ಮತ್ತೆ ಅಳೆಯಿರಿ. ಎಷ್ಟು ಕುಸಿಯಿತು ಅನ್ನುವುದು ಕಣ್ಣೆದುರೇ ಕಾಣುತ್ತದೆ. ಏರ್ ಸಸ್ಪೆನ್ಷನ್ ಇದ್ದರೆ ಎಂಜಿನ್ ಚಾಲೂ ಮಾಡಿ ಒಂದು ನಿಮಿಷ ಕಾಯಿರಿ, ಅದು ತಾನೇ ಮೇಲೇಳಬೇಕು. ಸೇಲ್ಸ್‌ನವರಿಗೆ ಇದು ವಿಚಿತ್ರ ಅನ್ನಿಸಬಹುದು, ಬಿಡಿ.

ಕನ್ನಡಿ, ಹಿಂಬದಿಯ ಕ್ಯಾಮೆರಾ ನೋಡಿ. ಬಾಲ್ ಕ್ಯಾಮೆರಾದಲ್ಲಿ ಕಾಣುತ್ತದೆ ಅಂತಾದರೆ ಒಬ್ಬರೇ ಇದ್ದರೂ ಟ್ರೇಲರ್ ಕಟ್ಟಬಹುದು.

ಮೊದಲ ಸಲ ಎಳೆಯುವಾಗ

ಹೊಸ ಗಾಡಿಯಾದರೆ ಮೊದಲ 800 ಕಿ.ಮೀ. ಟ್ರೇಲರ್ ಕಟ್ಟದೆ ಓಡಿಸಿ ಅಂತ ಹಲವು ಮ್ಯಾನ್ಯುಯಲ್‌ಗಳು ಹೇಳುತ್ತವೆ. ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಟಯರ್‌ಗೆ ಪೂರ್ತಿ ಭಾರಕ್ಕೆ ಹೇಳಿದಷ್ಟು ಗಾಳಿ ಹಾಕಿ. ಭಾರವನ್ನು ಟ್ರೇಲರ್‌ನ ಆಕ್ಸಲ್ ಮೇಲೆ ಮತ್ತು ಅದಕ್ಕಿಂತ ಕೊಂಚ ಮುಂದೆ ಇಡಿ, ಹಿಂದೆ ಯಾವತ್ತೂ ಬೇಡ. ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರ್ ತೂಗಾಡಲು ಶುರುವಾಗುತ್ತದೆ. ಹಾಗಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ. ಕಂಟ್ರೋಲರ್ ಇದ್ದರೆ ಟ್ರೇಲರ್‌ನ ಬ್ರೇಕ್ ಮಾತ್ರ ಕೈಯಿಂದ ಒತ್ತಿ. ಗಾಡಿಯ ಬ್ರೇಕ್ ಜೋರಾಗಿ ತುಳಿಯಬೇಡಿ, ವೇಗ ಹೆಚ್ಚಿಸಿ ನೇರ ಮಾಡಲು ಹೋಗಬೇಡಿ. ನಿಂತ ಮೇಲೆ ಭಾರ ಮುಂದಕ್ಕೆ ಸರಿಸಿ, ಆಮೇಲೆ ಹೊರಡಿ.

ಸುಮಾರು 80 ಕಿ.ಮೀ. ಆದ ಮೇಲೆ ಒಮ್ಮೆ ಪಕ್ಕಕ್ಕೆ ನಿಲ್ಲಿಸಿ ಟ್ರೇಲರ್‌ನ ವ್ಹೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿ. ಪ್ರತಿ ಚಕ್ರದ ನಡುವಿನ ಹಬ್‌ನ ಹತ್ತಿರ ಅಂಗೈಯ ಹಿಂಭಾಗ ಹಿಡಿದು ನೋಡಿ. ಎಲ್ಲವೂ ಒಂದೇ ಬಿಸಿ ಇದ್ದರೆ ಸರಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ, ಹತ್ತಿರದ ಗ್ಯಾರೇಜಿನವರೆಗೆ ನಿಧಾನಕ್ಕೆ ಹೋಗಿ ತೋರಿಸಿ.